ಹದಿನೇಳು ಜನರಿಗೆ ಉಪಯುಕ್ತವಾಯಿತು

ಗದಗ,
ನಡುಬೇಸಗೆ ತಿಂಗಳ ಅರವತ್ತಮೂರನೆಯ ದಿನ,
ಕ್ರಿ.ಶ. ೨೨೪೦

ಮಾನ್ಯ ಜೋಡಗೇರಿಯವರಿಗೆ ಗಿರಿಜವ್ವ ಕಳಸಾಪುರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಒಂದು ತಿಂಗಳಿಗೆ ಅರವತ್ತಮೂರು ದಿನ ಎಲ್ಲಿಂದ ಬಂದವು ಎಂದು ನಿಮಗೆ ಅನಿಸುವುದು ಸಹಜ. ಬೇಸಗೆ ಉದ್ದವಾಗುತ್ತ ಹೋದ ಹಾಗೆ ನಮ್ಮ ಹಿರಿಯರು ಪಂಚಾಂಗವನ್ನೇ ಹಿಗ್ಗಿಸಿದರು. ಈಗ ನಡುಬೇಸಗೆ ಎಂಬುದು ಒಂದೇ ತಿಂಗಳು. ಮೊದಲ ಮಳೆ ಬೀಳುವ ತನಕ ಅದು ಮುಗಿಯುವುದಿಲ್ಲ. ನಾನು ಹುಟ್ಟಿದ ವರ್ಷ ಅದು ನೂರಾ ನಾಲ್ಕು ದಿನ ಎಳೆದಿತ್ತಂತೆ. ನನ್ನ ಭಾಷೆ ವಿಚಿತ್ರವಾಗಿ ಕೇಳಿಸಿದರೆ ಅದನ್ನೂ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮಂಥವರು ಬಿಟ್ಟುಹೋದ ಬರಹಗಳಿಂದ; ಹಾಗಾಗಿ ಒಂದು ಕಡೆ ಅರ್ಜಿಯ ಹಾಗೆ, ಇನ್ನೊಂದು ಕಡೆ ಜಾಹೀರಾತಿನ ಹಾಗೆ ಕೇಳಿಸೀತು. ಮನೆಯಲ್ಲಿ ನಾವು ಆಡುವ ಮಾತು ಬೇರೆ, ಅದೂ ಅಲ್ಲಲ್ಲಿ ನುಸುಳುತ್ತದೆ. ಈ ಪತ್ರ ಬೇರೆಯವರ ಕೈಗೆ ಬಿದ್ದರೂ ಬೀಳಬಹುದು ಎಂದು ನಿಮಗೆ ಚೆನ್ನಾಗಿ ಗೊತ್ತಿರುವುದನ್ನೂ ಕೆಲವು ಕಡೆ ವಿವರಿಸಿದ್ದೇನೆ.

ನೀವು ಯಾರೆಂದು ನನಗೆ ಗೊತ್ತಿರುವುದು ಇಷ್ಟೇ: ಎಸ್. ಜೋಡಗೇರಿ, ಸಿಸ್ಟಮ್ ಅಡ್ಮಿನ್, ಹುಬ್ಬಳ್ಳಿಯ ಒಂದು ಕಣ್ಣಾಸ್ಪತ್ರೆ. ಗಂಡಸೋ ಹೆಂಗಸೋ ತಿಳಿಯದು. ದೊಡ್ಡ ಸಂಸ್ಥೆಗಳ ಸರ್ವರುಗಳಿಗೆಂದೇ ಮಾಡಿದ ಲಿನಕ್ಸ್ ಒಂದನ್ನು ನಿಮ್ಮ ಆಸ್ಪತ್ರೆ ಬಳಸುತ್ತಿತ್ತು. ಅದರ ಬಗ್ಗೆ ಬಳಕೆದಾರರ ಅನುಭವ ಬರೆಯಿರಿ ಎಂದು ಯಾವುದೋ ಜಾಲತಾಣ ಕೇಳಿತ್ತು, ನೀವು ಊಟದ ಬಿಡುವಿನಲ್ಲಿ ಬರೆದುಕೊಟ್ಟಿರಿ. ಊಟದ ಬಿಡುವು ಎಂಬುದು ನನ್ನ ಊಹೆ. ನಡುನಡುವೆ ಅಕ್ಷರಗಳು ಬಿಟ್ಟುಹೋಗಿವೆ, ಒಂದು ಕೈಯಲ್ಲಿ ರೊಟ್ಟಿ ಹಿಡಿದು ಬರೆದ ಹಾಗಿದೆ. ಇಷ್ಟವಾದದ್ದು ಏನು ಎಂಬ ಕಡೆ, ಎಂಟು ವರ್ಷದಲ್ಲಿ ತಾನಾಗಿ ಒಮ್ಮೆಯೂ ಬಿದ್ದಿಲ್ಲ ಎಂದಿರಿ. ಇಷ್ಟವಾಗದ್ದು ಏನು ಎಂಬ ಕಡೆ, ಸಹಾಯ ಕೇಳಿದರೆ ಮೊದಲ ಉತ್ತರ ಯಾವಾಗಲೂ ‘ಲಾಗ್ ಕಳಿಸಿ’ ಎಂದೇ ಬರುತ್ತದೆ, ಮನೆಗೆ ಬೆಂಕಿ ಬಿದ್ದಿದೆ ಎಂದರೂ ಬೆಂಕಿಯ ಲಾಗ್ ಕಳಿಸಿ ಎನ್ನುತ್ತಾರೆ ಎಂದಿರಿ. (ಲಾಗ್ ಎಂದರೆ ಯಂತ್ರ ತಾನೇ ಬರೆದುಕೊಳ್ಳುವ ದಿನಚರಿ, ಈಗಲೂ ಅದೇ ಹೆಸರು.) ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿರಿ. ಕೊನೆಗೆ ಒಂದು ಉದ್ದನೆಯ ಪ್ಯಾರಾ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಹದಿನೇಳು ಜನರಿಗೆ ಇದು ಉಪಯುಕ್ತವಾಯಿತು’ ಎಂದಿದೆ.

ನಿಮ್ಮ ಕಾಲದ ಕೈಪಿಡಿಗಳು ಹೋದವು, ಅವನ್ನು ಬರೆದ ಕಚೇರಿಗಳೂ ಹೋದವು. ಲಿನಕ್ಸ್ ಮಾತ್ರ ಕೈಯಿಂದ ಕೈಗೆ, ಊರಿನಿಂದ ಊರಿಗೆ, ತೇಪೆಯ ಮೇಲೆ ತೇಪೆ ಹಾಕಿಸಿಕೊಂಡು ಉಳಿಯಿತು. ಅದರ ಜೊತೆಗೆ ಬಳಕೆದಾರರ ಅನುಭವಗಳೂ ಉಳಿದವು. ಅವನ್ನೆಲ್ಲ ಕೂಡಿಸಿ ನಾವು ‘ಅನುಭವದ ಕಟ್ಟು’ ಎನ್ನುತ್ತೇವೆ. ಯಂತ್ರದೊಳಗೆ ಆಗಿನ ಪುಟಗಳ ರೂಪದಲ್ಲೇ ಇದೆ. ಸರ್ವರ್ ನೋಡಿಕೊಳ್ಳುವ ನಮ್ಮಂಥವರಿಗೆ ಇಲ್ಲಿ ‘ಎಚ್ಚರದವರು’ ಎಂದು ಹೆಸರು, ಯಂತ್ರ ಎಚ್ಚರವಾಗಿರುವಂತೆ ನೋಡಿಕೊಳ್ಳುವವರು ಎಂಬ ಅರ್ಥದಲ್ಲಿ. ಪ್ರತಿ ಸೋಮವಾರ ಬೆಳಿಗ್ಗೆ ಎಚ್ಚರದವರೆಲ್ಲ ಕೂತು ಕಟ್ಟಿನಿಂದ ಒಬ್ಬರ ಅನುಭವವನ್ನು ಗಟ್ಟಿಯಾಗಿ ಓದುವುದು ಪದ್ಧತಿ. ಚಹಾ ಬರುವ ತನಕ ಓದುವುದು, ಬಂದ ಕೂಡಲೇ ನಿಲ್ಲಿಸುವುದು, ಅದೂ ಪದ್ಧತಿಯೇ. ಚಹಾ ಎಂದರೆ ನಿಮ್ಮ ಚಹಾ ಅಲ್ಲ, ಆ ಗಿಡವನ್ನು ನಾವು ನೋಡಿಲ್ಲ. ಮಜ್ಜಿಗೆಹುಲ್ಲು ಕುದಿಸಿದ ನೀರಿಗೆ ನಾವು ಹಾಗೆನ್ನುತ್ತೇವೆ. ನಿಮ್ಮ ಬರಹವನ್ನು ನಾನು ಮೂವತ್ತು ವರ್ಷಗಳಲ್ಲಿ ಹತ್ತು ಸಲವಾದರೂ ಓದಿದ್ದೇನೆ. ಬೆಂಕಿ ಬಿದ್ದ ಮನೆಯ ಮಾತಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಅಷ್ಟರಲ್ಲಿ ಚಹಾ ಬರುತ್ತಿತ್ತು. ಕೊನೆಯ ಪ್ಯಾರಾವನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ.

ನಮ್ಮದೂ ಆಸ್ಪತ್ರೆಯೇ. ತಂಪಾಸ್ಪತ್ರೆ ಎಂದರೆ ಸುತ್ತಲಿನ ನಲವತ್ತು ಹಳ್ಳಿಗೆ ಗೊತ್ತು. ನೆಲದಿಂದ ಎರಡಾಳು ಕೆಳಗೆ ಕಟ್ಟಿದ ಕಟ್ಟಡ, ಝಳ ಬಡಿದವರನ್ನು ತಂದು ಮಲಗಿಸುವ ಒದ್ದೆ ಕಲ್ಲಿನ ಹಾಸುಗಳು, ಕಪ್ಪತಗುಡ್ಡದ ಗಾಳಿಗಂಬಗಳಿಂದ ಬರುವ ಕರೆಂಟು. ಬೆಳಿಗ್ಗೆ ಹತ್ತಕ್ಕೆಲ್ಲ ಊರಿನ ಅಂಗಡಿಗಳು ಮುಚ್ಚುತ್ತವೆ, ಬೀದಿಯ ಮೇಲೆ ಈ ತುದಿಯಿಂದ ಆ ತುದಿಗೆ ನೆರಳುಪರದೆ ಎಳೆಯುತ್ತಾರೆ. ಗಿರಮಿಟ್ ಮಾರುವವಳೂ ತನ್ನ ಬುಟ್ಟಿ ಹೊತ್ತು ಮೆಟ್ಟಿಲಿಳಿದು ಆಸ್ಪತ್ರೆಯ ಪಡಸಾಲೆಗೆ ಬಂದು ಕೂಡುತ್ತಾಳೆ. ರೋಗಿಗಳಿಗಿಂತ ಅವಳ ಗಿರಾಕಿಗಳದ್ದೇ ಗದ್ದಲ. ಸರ್ವರ್ ಕೋಣೆ ಆ ಪಡಸಾಲೆಯ ಹಿಂದೆ. ಅದರ ಬಾಗಿಲಿಗೆ ಶಾಲೆಯ ಪಾಟಿಯಂಥ ಒಂದು ಹಲಗೆ ನೇತುಹಾಕಿದ್ದೇವೆ. ಯಂತ್ರ ಮಲಗದೆ, ಅಂದರೆ ಒಮ್ಮೆಯೂ ನಿಲ್ಲದೆ, ಎಷ್ಟು ದಿನವಾಯಿತು ಎಂಬುದನ್ನು ದಿನಾ ಬೆಳಿಗ್ಗೆ ಅದರ ಮೇಲೆ ಬಳಪದಿಂದ ಬರೆಯುತ್ತೇವೆ. ಓಡುತ್ತಿರುವಾಗಲೇ ತೇಪೆ ಹಾಕಿಸಿಕೊಳ್ಳುವ ಅದರ ಗುಣವನ್ನು ನೀವೂ ಹೊಗಳಿದ್ದಿರಿ. ಆ ಗುಣದ ದೆಸೆಯಿಂದ ನಮ್ಮ ಹಲಗೆ ಮೂರು ಸಾವಿರದ ಮುನ್ನೂರು ದಾಟಿತ್ತು. ಪಕ್ಕದೂರಿನವರದು ಎರಡು ಸಾವಿರ ಮುಟ್ಟಿರಲಿಲ್ಲ. ನನಗೆ ಅದರ ಸೊಕ್ಕಿತ್ತು, ಇಲ್ಲ ಎನ್ನಲಾರೆ.

ಪಡಸಾಲೆಗೆ ಬಂದವರು ಒಂದು ಚೀಟಿ ತೆಗೆದುಕೊಂಡು ಕೂಡುತ್ತಾರೆ, ಸರದಿ ಬಂದಾಗ ಸರ್ವರ್ ಅವರ ನಂಬರು ಕೂಗುತ್ತದೆ. ಮೊದಲು ಯಂತ್ರದ ಜೊತೆಗೇ ಬಂದ ದನಿ ಕೂಗುತ್ತಿತ್ತು. ಹಳ್ಳಿಯಿಂದ ಬಂದವರು ಅದಕ್ಕೆ ಏಳುತ್ತಲೇ ಇರಲಿಲ್ಲ. ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಎಂದು ಕೂತೇ ಇರುತ್ತಿದ್ದರು. ಆಗ ನನ್ನ ಮಗಳು ಸುಗಲಾ ನನ್ನ ಕೈಕೆಳಗೇ ಎಚ್ಚರದವಳಾಗಿ ಸೇರಿದ್ದಳು. ನಂಬರು ಕೂಗುವ ಹೊಸ ಪ್ರೋಗ್ರಾಮು ಬರೆದು, ಪರೀಕ್ಷೆಗೆಂದು ತನ್ನ ದನಿಯನ್ನೇ ಹಾಕಿದಳು. ಒಂದರಿಂದ ಮುನ್ನೂರರ ತನಕ ಒಂದೇ ಕೂರಿಕೆಯಲ್ಲಿ ಹೇಳಿ ಮುಗಿಸಿದಳು, ಅದೂ ನೆಗಡಿಯಾದ ದಿನ. ‘ನಲವತ್ತೊಂದು ನಂಬರಿನವ್ರು ಒಳಗ ಬರ್ರಿ. ಹೆದರಬ್ಯಾಡ್ರಿ.’ ಹೆದರಬ್ಯಾಡ್ರಿ ಎಂಬುದನ್ನು ಸೇರಿಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನೂರಾ ಹತ್ತೊಂಬತ್ತರಲ್ಲಿ ಅವಳು ಮೂಗು ಏರಿಸಿದ ಸದ್ದಿದೆ. ನೆಗಡಿ ಇಳಿದ ಮೇಲೆ ಸರಿಯಾಗಿ ಹೇಳಿ ಹಾಕುತ್ತೇನೆ ಎಂದು ಆ ಫೈಲನ್ನು ‘ತಾತ್ಕಾಲಿಕ’ ಎಂಬ ಫೋಲ್ಡರಿನಲ್ಲಿ ಇಟ್ಟಳು. ಮೊದಲ ದಿನವೇ ಜನ ಕರೆದ ಕೂಡಲೇ ಎದ್ದು ಒಳಗೆ ಹೋಗತೊಡಗಿದರು. ನಡೆಯುತ್ತಿರುವುದನ್ನು ಮುಟ್ಟಲು ನಮ್ಮ ಕಸುಬಿನವರಿಗೆ ಕೈ ಬರುವುದಿಲ್ಲ, ನಿಮಗೂ ಗೊತ್ತು. ಅಂದು ಶುರುವಾದ ಆ ಪ್ರೋಗ್ರಾಮು ಒಂಬತ್ತು ವರ್ಷ ನಿಲ್ಲಲಿಲ್ಲ, ಆ ದನಿಯನ್ನೂ ಯಾರೂ ಬದಲಿಸಲಿಲ್ಲ.

ಸುಗಲಾ ಹೋಗಿ ಆರು ವರ್ಷವಾಯಿತು. ಹಳ್ಳಿಯೊಂದರ ಯಂತ್ರ ಸರಿಮಾಡಿ ಬರುವಾಗ ಬಸ್ಸು ಬಯಲಿನಲ್ಲಿ ಕೆಟ್ಟು ನಿಂತಿತು. ನಡುಬೇಸಗೆಯ ಎಪ್ಪತ್ತನೆಯ ದಿನ, ನೆತ್ತಿಯ ಮೇಲೆ ಸೂರ್ಯ. ಬಸ್ಸಿನಲ್ಲಿದ್ದ ಮೂವತ್ತು ಜನರನ್ನೂ ಒಟ್ಟಿಗೆ ನಮ್ಮ ಆಸ್ಪತ್ರೆಗೆ ತಂದರು. ಅಷ್ಟು ಜನಕ್ಕೆ ಹಾಸುಗಳು ಸಾಲದೆ ಅವರಿಗೂ ಚೀಟಿ ಕೊಡಬೇಕಾಯಿತು. ಅವಳ ಚೀಟಿ ಹಿಡಿದು ನಿಂತವನು ಅವಳ ಗಂಡ ಫಕ್ಕೀರೇಶ. ಅವಳ ನಂಬರನ್ನು ಅವಳ ದನಿಯೇ ಕೂಗಿತು, ಒಳಗ ಬರ್ರಿ, ಹೆದರಬ್ಯಾಡ್ರಿ ಎಂದಿತು. ನಾವು ಎತ್ತಿ ಒಳಗೆ ಒಯ್ದೆವು. ಕಲ್ಲಿನ ಮೇಲೆ ಮಲಗಿಸುವ ಹೊತ್ತಿಗೆ ಅವಳು ಇರಲಿಲ್ಲ.

ನಿಮ್ಮ ಕಾಲದವರು ಸತ್ತವರ ಚಿತ್ರ, ಮಾತು ಎಲ್ಲವನ್ನೂ ಕೂಡಿಸಿಟ್ಟುಕೊಳ್ಳುತ್ತಿದ್ದರು ಎಂದು ಓದಿದ್ದೇನೆ. ನಿಮ್ಮ ನಂತರದವರು ಸತ್ತವರ ದನಿಯಿಂದ ಹೇಳಬಾರದ್ದನ್ನೆಲ್ಲ ಹೇಳಿಸತೊಡಗಿದರು. ಸತ್ತ ತಂದೆ ಮಕ್ಕಳಿಗೆ ಬೆದರಿಕೆ ಹಾಕುವುದು, ಸತ್ತ ಹೆಂಡತಿ ಸಾಬೂನು ಮಾರುವುದು, ಎಲ್ಲ ನಡೆಯಿತಂತೆ. ಅದಕ್ಕೇ ನಮ್ಮಲ್ಲಿ ‘ವರುಷದ ಕಾನೂನು’ ಬಂತು. ಸತ್ತ ಒಂದು ವರ್ಷಕ್ಕೆ ಅವರ ಚಿತ್ರ, ದನಿ ಮನೆಯಲ್ಲಿ ಇರುವ ಹಾಗಿಲ್ಲ. ವರ್ಷಾಬ್ದಿಕದ ದಿನ ಎಲ್ಲವನ್ನೂ ಒಟ್ಟಿಗೆ ಅಳಿಸುತ್ತೇವೆ. ಸಾರ್ವಜನಿಕ ಕೆಲಸಕ್ಕೆ ಬಳಕೆಯಲ್ಲಿರುವ ದನಿಗೆ ಮಾತ್ರ ರಿಯಾಯಿತಿ. ಹೀಗಾಗಿ ನನ್ನ ಮಗಳದೆಂದು ಲೋಕದಲ್ಲಿ ಉಳಿದದ್ದು ಒಂದರಿಂದ ಮುನ್ನೂರರ ತನಕದ ಎಣಿಕೆ, ಮುನ್ನೂರು ಸಲ ಹೆದರಬ್ಯಾಡ್ರಿ, ಒಂದು ಸಲ ಮೂಗು ಏರಿಸಿದ್ದು.

ಫಕ್ಕೀರೇಶ ನನ್ನ ಅಣ್ಣನ ಮಗನೂ ಹೌದು. ಮದುವೆಗೆ ಮುಂಚಿನಿಂದಲೂ ನನ್ನನ್ನು ಅತ್ತಿ ಎಂದೇ ಕರೆದವನು. ಗಾಳಿಗಂಬಗಳ ರೆಕ್ಕೆ ರಿಪೇರಿ ಅವನ ಕೆಲಸ. ದಿನಾ ಬೆಳಿಗ್ಗೆ ಗುಡ್ಡಕ್ಕೆ ಹೋಗುವ ಮುಂಚೆ ಪಡಸಾಲೆಗೆ ಬಂದು ಒಂದು ಚೀಟಿ ತೆಗೆದುಕೊಂಡು ಕೂಡುತ್ತಿದ್ದ. ಏನೂ ಕಾಯಿಲೆಯಿಲ್ಲ. ತನ್ನ ನಂಬರು ಬಂದಾಗ ಅವಳು ಕರೆಯುವುದನ್ನು ಕೇಳಿ, ಎದ್ದು, ಚೀಟಿಯನ್ನು ಜೇಬಿನಲ್ಲಿಟ್ಟು ಹೊರಟುಹೋಗುತ್ತಿದ್ದ. ಒಳಗಿನ ಡಾಕ್ಟರು ಬಾಗಿಲ ಕಡೆ ನೋಡಿ, ಯಾರೂ ಬರದಿದ್ದರೆ ಫಕ್ಕೀರೇಶನ ನಂಬರು ಎಂದುಕೊಂಡು ಮುಂದಿನದನ್ನು ಒತ್ತುತ್ತಿದ್ದರು. ಹೋಗುವ ದಾರಿಯಲ್ಲಿ ನನ್ನ ಕೋಣೆಗೆ ಇಣುಕಿ, ಹಲಗೆಯ ಮೇಲಿನ ದಿನಗಳನ್ನು ನೋಡಿ, ‘ಮಲಗಿಲ್ಲಲ್ಲ ಅತ್ತಿ?’ ಎನ್ನುತ್ತಿದ್ದ. ‘ಮಲಗಿಲ್ಲೋ, ಹೋಗು’ ಎನ್ನುತ್ತಿದ್ದೆ. ಗಂಡನೂ ಇಲ್ಲದ ನನಗೆ ದಿನದ ಆ ಎರಡು ಮಾತೇ ಸಂಸಾರ.

ಈಗ ತಪ್ಪಿನ ಮಾತಿಗೆ ಬರುತ್ತೇನೆ. ಹದಿನಾಲ್ಕು ತಿಂಗಳ ಹಿಂದೆ (ಇಲ್ಲಿಂದ ಮುಂದೆ ತಿಂಗಳೆಂದರೆ ನಿಮ್ಮ ಲೆಕ್ಕದ ಮೂವತ್ತು ದಿನ) ಒಂದು ದಿನ ಡಿಸ್ಕ್ ತುಂಬಿತು. ಡಾಕ್ಟರುಗಳು ತೆಗೆದ ರೋಗಿಗಳ ಚಿತ್ರಗಳು ಯಂತ್ರದೊಳಗೆ ಹೋಗುತ್ತಿಲ್ಲ, ಪಡಸಾಲೆಯಲ್ಲಿ ಜನ, ಎಲ್ಲರೂ ನನ್ನ ಬಾಗಿಲು ಬಡಿಯುವವರೇ. ಕೈಗೆ ಸಿಕ್ಕ ಹಳೆಯ ಫೋಲ್ಡರುಗಳನ್ನು ಅಳಿಸುತ್ತ ಬಂದೆ: ‘ಹಳೆಯದು’, ‘ಹಳೆಯದು-೨’, ‘ನೋಡಿ ಅಳಿಸು’, ‘ತಾತ್ಕಾಲಿಕ’. ಮಗಳ ದನಿ ಅಂಥ ಹೆಸರಿನ ಕೆಳಗೆ ಇರಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಎಲ್ಲೋ ದೊಡ್ಡ ಜಾಗದಲ್ಲಿ, ದೊಡ್ಡ ಹೆಸರಿನ ಕೆಳಗೆ ಇರುತ್ತದೆ ಎಂದುಕೊಂಡಿದ್ದೆ. ‘ತಾತ್ಕಾಲಿಕ’ ಅಳಿಸಿದ ಮೇಲೆ ಜಾಗ ಎಷ್ಟು ಮರಳಿತು ಎಂದು ನೋಡಿದೆ. ಮರಳಿರಲಿಲ್ಲ. ಅಷ್ಟು ದೊಡ್ಡದನ್ನು ಅಳಿಸಿದರೂ ಡಿಸ್ಕ್ ತುಂಬಿಯೇ ಇದೆಯಲ್ಲ ಎಂದು ಒಂದು ಗಳಿಗೆ ಅನಿಸಿತು. ಆಚೆ ಬಾಗಿಲು ಬಡಿದರು. ಹಳೆಯ ಲಾಗುಗಳನ್ನು ಅಳಿಸಿ ಜಾಗ ಮಾಡಿಕೊಂಡು ಎದ್ದುಬಿಟ್ಟೆ. ಪಡಸಾಲೆಯಲ್ಲಿ ಸುಗಲಾ ಎಪ್ಪತ್ತಾರನ್ನು ಕರೆಯುತ್ತಿದ್ದಳು. ಅವಳು ಕರೆಯುತ್ತಲೇ ಇದ್ದಳು, ಹಾಗಾಗಿ ಏನೋ ಹೋಯಿತು ಎಂದು ನನಗೆ ಅನುಮಾನ ಬರುವ ಕಾರಣವೇ ಇರಲಿಲ್ಲ.

ಎರಡು ತಿಂಗಳ ಹಿಂದೆ ಫಕ್ಕೀರೇಶ ನನ್ನ ಕೋಣೆಗೆ ಬಂದು ಕೂತ. ಅವನು ಯಾವತ್ತೂ ಅಲ್ಲಿ ಕೂತವನಲ್ಲ. ಸಮುದ್ರ ಒಳಗೆ ಬಂದ ಮೇಲೆ ಪಡುವಣ ಘಟ್ಟದ ಬುಡದಲ್ಲಿ ಹೊಸ ದಂಡೆಯೂರುಗಳಾಗಿವೆ, ಅಲ್ಲಿ ನೂರು ಗಾಳಿಗಂಬ ನಿಲ್ಲಿಸುತ್ತಿದ್ದಾರೆ, ಕರೆದಿದ್ದಾರೆ ಎಂದ. ‘ಹೋಗೂಮುಂದ ಸುಗಲಾನ ದನಿದು ಒಂದ ಪ್ರತಿ ಮಾಡಿ ಕೊಡ್ರಿ ಅತ್ತಿ. ಮತ್ತೇನೂ ಬ್ಯಾಡ ನನಗ.’ ಕಾನೂನು ಇದೆಯಲ್ಲೋ ಎಂದೆ. ಆ ಕಾನೂನಿಗೆ ಹೆದರಿ ಒಂದು ಪ್ರತಿ ಕೊಡದ ಎಚ್ಚರದವರು ಈ ಸೀಮೆಯಲ್ಲಿ ಯಾರೂ ಇಲ್ಲ, ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮುಂದಿನ ವಾರ ಮತ್ತೆ ಕೇಳಿದ. ಕೆಲಸ ಬಹಳ ಎಂದೆ. ಮೂರನೆಯ ಸಲ ಕೇಳಿದಾಗ, ‘ಎಲ್ಲಿ ಹೋಗ್ತೈತಿ ಅದು? ಮಶೀನ್ದಾಗ ಐತಲ್ಲ. ದಿನಾ ಬಂದು ಕೇಳು’ ಎಂದು ನಕ್ಕೆ. ಅವನು ನಗಲಿಲ್ಲ.

ಜೋಡಗೇರಿಯವರೇ, ಇದನ್ನು ನಾನು ಬೇರೆ ಯಾರಿಗೂ ಹೇಳಿಲ್ಲ. ಪ್ರತಿ ಮಾಡಲು ಐದು ನಿಮಿಷದ ಕೆಲಸವಿತ್ತು. ಪ್ರತಿ ಸಿಕ್ಕರೆ ಅವನು ಹೋಗುತ್ತಾನೆ, ಸಿಗದಿದ್ದರೆ ಇನ್ನೊಂದು ವಾರ ನಿಲ್ಲುತ್ತಾನೆ. ಇಷ್ಟೇ ನನ್ನ ಲೆಕ್ಕ. ಅಂದು ಫೈಲು ಹುಡುಕಿದ್ದರೂ ಸಾಕಿತ್ತು. ಹುಡುಕಿದ್ದರೆ ಅದು ಅಲ್ಲಿಲ್ಲ ಎಂದು ತಿಳಿಯುತ್ತಿತ್ತು, ತಿಳಿದಿದ್ದರೆ ನಿಮ್ಮ ಕೊನೆಯ ಪ್ಯಾರಾದ ತನಕ ಬರುತ್ತಿದ್ದೆ, ಆಗ ದನಿ ಇನ್ನೂ ಬದುಕಿತ್ತು.

ಅದಾದ ಸ್ವಲ್ಪ ದಿನಕ್ಕೆ ಯಂತ್ರದ ಬುಡದಲ್ಲೇ ಒಂದು ತೂತು ಇದೆ ಎಂದು ಸುದ್ದಿ ಬಂತು. ಬೇರೆ ಸೀಮೆಯ ಎರಡು ಆಸ್ಪತ್ರೆಗಳಲ್ಲಿ ಕಳ್ಳರು ಆ ತೂತಿನಿಂದ ನುಗ್ಗಿ ಮದ್ದಿನ ಪಟ್ಟಿಗಳನ್ನೇ ಅದಲುಬದಲು ಮಾಡಿದ್ದರು. ಈ ಸಲದ ತೇಪೆಯನ್ನು ಓಡುವ ಯಂತ್ರಕ್ಕೆ ಹಾಕಲು ಬರುತ್ತಿರಲಿಲ್ಲ, ಮಲಗಿಸಿ ಎಬ್ಬಿಸಲೇಬೇಕಿತ್ತು, ನಿಮ್ಮ ಮಾತಿನಲ್ಲಿ ರೀಸ್ಟಾರ್ಟ್. ಹಲಗೆಯ ಮೇಲೆ ಅಂದು ಮೂರು ಸಾವಿರದ ಮುನ್ನೂರ ಹದಿನಾರು. ನನಗಿದ್ದ ಸಂಕಟ ಆ ಸಂಖ್ಯೆಯದು ಮಾತ್ರ. ಅದಕ್ಕಾಗಿ ಎರಡು ದಿನ ಮುಖ ಊದಿಸಿಕೊಂಡಿದ್ದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ಬೆಳಿಗ್ಗೆ ಆಸ್ಪತ್ರೆ ತೆರೆಯುವ ಮುಂಚೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆಜ್ಞೆ ಕೊಟ್ಟೆ. ಯಂತ್ರ ಮಲಗಿತು, ನಾಲ್ಕೇ ನಿಮಿಷಕ್ಕೆ ಎದ್ದಿತು. ಒಂದೂ ತಪ್ಪಿಲ್ಲ, ಒಂದೂ ಕೆಂಪು ಸಾಲಿಲ್ಲ. ಡಿಸ್ಕಿನಲ್ಲಿ ಜಾಗವೂ ಹೆಚ್ಚಾಗಿತ್ತು. ಅಬ್ಬಾ ಎಷ್ಟು ಚೊಕ್ಕಟವಾಯಿತು ಎಂದು ಸಂತೋಷಪಟ್ಟೆ.

ಪಡಸಾಲೆ ತುಂಬಿತು. ಮೊದಲ ನಂಬರು ಕೂಗಿತು, ಯಾರೂ ಏಳಲಿಲ್ಲ. ಎರಡನೆಯದು ಕೂಗಿತು. ಗಿರಮಿಟ್ ಮಾರುವವಳು ಮಾತು ನಿಲ್ಲಿಸಿದಳು. ಫಕ್ಕೀರೇಶ ಒಂಬತ್ತನೆಯ ಚೀಟಿ ಹಿಡಿದು ಎಂದಿನ ಜಾಗದಲ್ಲಿ ಕೂತಿದ್ದ. ‘ಸಂಖ್ಯೆ ಒಂಬತ್ತು, ದಯವಿಟ್ಟು ಒಳಗೆ ಬನ್ನಿ’ ಎಂದಿತು ಯಂತ್ರದ ದನಿ, ಬಹಳ ಸ್ಪಷ್ಟವಾಗಿ. ಅವನು ಎದ್ದು ನೇರ ನನ್ನ ಕೋಣೆಗೆ ಬಂದ. ಹಲಗೆಯ ಮೇಲೆ ನಾನು ಆಗಷ್ಟೇ ಸೊನ್ನೆ ಬರೆದಿದ್ದೆ, ಬಳಪ ಇನ್ನೂ ಕೈಯಲ್ಲಿತ್ತು.

‘ಅತ್ತಿ, ಆಕಿ ಎಲ್ಲಿ ಹೋದ್ಲು?’ ಎಂದ.

ಇಲ್ಲೇ ಎಲ್ಲೋ ದಾರಿ ತಪ್ಪಿರಬೇಕು, ಮಧ್ಯಾಹ್ನದೊಳಗೆ ಸರಿಮಾಡುತ್ತೇನೆ ಎಂದೆ. ಮಧ್ಯಾಹ್ನ ಸಂಜೆಯಾಯಿತು, ಸಂಜೆ ವಾರವಾಯಿತು. ಪ್ರೋಗ್ರಾಮಿನ ಲಾಗಿನಲ್ಲಿ ಒಂದೇ ಸಾಲು: ‘ತಾತ್ಕಾಲಿಕ’ದಲ್ಲಿ ಫೈಲು ಸಿಗಲಿಲ್ಲ, ಮೂಲ ದನಿ ಬಳಸುತ್ತಿದ್ದೇನೆ. ಹದಿನಾಲ್ಕು ತಿಂಗಳ ಹಿಂದೆ ನನ್ನ ಕೈ ಓಡಿದ್ದು ಆಗ ನೆನಪಾಯಿತು. ಕಾಪಿಟ್ಟ ಪ್ರತಿಗಳನ್ನು ತೆಗೆದು ನೋಡಿದೆ. ನಮ್ಮಲ್ಲಿ ಅವುಗಳಿಗೆ ಆಯುಷ್ಯ ಹನ್ನೆರಡು ತಿಂಗಳು, ಆಮೇಲೆ ಅವುಗಳ ಮೇಲೇ ಹೊಸದನ್ನು ಬರೆಯುತ್ತೇವೆ. ಆ ನಿಯಮ ಮಾಡಿದವಳೂ ನಾನೇ. ಖಾಲಿಯಾದ ಜಾಗವನ್ನು ಯಂತ್ರ ಎದ್ದ ಕೂಡಲೇ ತಾನೇ ಗುಡಿಸಿಟ್ಟಿತ್ತು. ಹುಡುಕಬಲ್ಲವರನ್ನೆಲ್ಲ ಕರೆಸಿದೆ. ಅರ್ಧ ಉಸಿರೂ ಸಿಗಲಿಲ್ಲ. ಅಳಿಸಿದ್ದು ಅಷ್ಟು ಹಿಂದಾದರೆ ಇಷ್ಟು ದಿನ ಕೂಗಿದ್ದು ಯಾವುದು ಎಂಬುದು ಮಾತ್ರ ನಮಗೆ ಯಾರಿಗೂ ಬಗೆಹರಿಯಲಿಲ್ಲ.

ಒಂಬತ್ತನೆಯ ದಿನ ಫಕ್ಕೀರೇಶ ಗಂಟುಮೂಟೆ ಕಟ್ಟಿಕೊಂಡು ಬಂದ. ಪಡಸಾಲೆಯಲ್ಲಿ ಚೀಟಿ ತೆಗೆದುಕೊಳ್ಳಲಿಲ್ಲ. ನನ್ನೆದುರು ನಿಂತು ಒಂದು ಡಬ್ಬಿ ಕೊಟ್ಟ. ಒಳಗೆ ಆರು ವರ್ಷದ ಚೀಟಿಗಳು, ಜೋಡಿಸಿ ದಾರ ಕಟ್ಟಿದ್ದ. ‘ಇವನ್ನ ಎಲ್ಲಿ ಒಯ್ಲಿ ಅತ್ತಿ? ಇಲ್ಲೇ ಇರ್ಲಿ’ ಎಂದ. ಮೂರು ಸಲ ಕೇಳಿದೆನಲ್ಲ ಎಂದು ಒಂದು ಮಾತು ಅಂದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಅವನು ಅನ್ನಲಿಲ್ಲ. ಬಗ್ಗಿ ನಮಸ್ಕಾರ ಮಾಡಿ, ‘ಬರ್ತೀನಿ’ ಎಂದು ಮೆಟ್ಟಿಲು ಹತ್ತಿದ. ಯಾವಾಗ ಎಂದು ನಾನು ಕೇಳಲಿಲ್ಲ.

ಹನ್ನೊಂದನೆಯ ದಿನ ಸೋಮವಾರ. ಅಭ್ಯಾಸಬಲದಿಂದ ಕಟ್ಟು ತೆರೆದೆ, ನಿಮ್ಮ ಪುಟ ಬಂತು. ಓದಿಸಿಕೊಳ್ಳುವ ಮನಸ್ಸು ಯಾರಿಗೂ ಇರಲಿಲ್ಲ, ಒಬ್ಬಳೇ ಓದಿಕೊಂಡೆ. ಬೆಂಕಿ ಬಿದ್ದ ಮನೆ ದಾಟಿತು. ಚಹಾ ಬಂತು. ನಾನು ನಿಲ್ಲಿಸಲಿಲ್ಲ. ಕೊನೆಯ ಪ್ಯಾರಾದಲ್ಲಿ ನೀವು ಹೀಗೆ ಬರೆದಿದ್ದೀರಿ:

‘ಒಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ಒಮ್ಮೆ ಡಿಸ್ಕ್ ತುಂಬಿದಾಗ ಗಡಿಬಿಡಿಯಲ್ಲಿ ಬೇಕಾದ ಫೈಲನ್ನೇ ಅಳಿಸಿಬಿಟ್ಟೆ. ಜಾಗ ಮರಳಲಿಲ್ಲ. ಅಳಿಸಿದ ಮೇಲೂ ಜಾಗ ಮರಳದಿದ್ದರೆ ಆ ಫೈಲು ಸತ್ತಿಲ್ಲ ಎಂದು ತಿಳಿಯಿರಿ. ಬಾಗಿಲ ಮೇಲಿನ ಹೆಸರು ಕಿತ್ತಿದ್ದೀರಿ, ಅಷ್ಟೇ; ಒಳಗಿನವರು ಒಳಗೇ ಇದ್ದಾರೆ. ಓಡುತ್ತಿರುವ ಯಾವುದೋ ಪ್ರೋಗ್ರಾಮು ಅದನ್ನು ಹಿಡಿದುಕೊಂಡಿರುತ್ತದೆ, ಅದು ಬಿಡುವ ತನಕ ಲಿನಕ್ಸ್ ಅದನ್ನು ಸಾಯಗೊಡುವುದಿಲ್ಲ. ಆ ಪ್ರೋಗ್ರಾಮಿನ ಕೈಯಿಂದಲೇ ನಕಲು ಮಾಡಿಕೊಳ್ಳಬಹುದು, ಒಂದು ಸಾಲಿನ ಆಜ್ಞೆ ಸಾಕು, ಕೆಳಗೆ ಬರೆದಿದ್ದೇನೆ. ಆದರೆ ಮಷೀನನ್ನು ರೀಸ್ಟಾರ್ಟ್ ಮಾತ್ರ ಮಾಡಬೇಡಿ. ಮಾಡಿದರೆ ಎಲ್ಲ ಕೈಗಳೂ ಬಿಡುತ್ತವೆ. ನಾನು ಒಂದು ನಕ್ಷತ್ರ ಕಳೆದದ್ದು ಇದನ್ನು ಯಾರೂ ಮೊದಲೇ ಹೇಳಲಿಲ್ಲ ಎಂಬ ಸಿಟ್ಟಿಗೆ.’

ಕೆಳಗೆ ಆ ಒಂದು ಸಾಲು ಇತ್ತು. ಇನ್ನೂರು ವರ್ಷವಾದರೂ ಅದೇ ಆಜ್ಞೆ ಈಗಲೂ ನಡೆಯುತ್ತದೆ. ಬೇರೆ ಫೈಲಿನ ಮೇಲೆ ಮಾಡಿ ನೋಡಿದೆ, ತಕ್ಷಣ ಬಂತು. ಚಹಾ ಆರಿಹೋಗಿತ್ತು.

ನೀವು ಕಳೆದ ನಕ್ಷತ್ರವನ್ನು ನಾನು ಸೇರಿಸುತ್ತೇನೆ. ನನ್ನದು ಐದಕ್ಕೆ ಐದು. ಈ ವ್ಯವಸ್ಥೆಯ ಬಗ್ಗೆ ನನಗೆ ಒಂದೂ ದೂರಿಲ್ಲ. ನಾನು ನನ್ನ ಮಗಳನ್ನು ಅಳಿಸಿದ ಮೇಲೂ ಅದು ಅವಳನ್ನು ಹದಿನಾಲ್ಕು ತಿಂಗಳು ಹಿಡಿದುಕೊಂಡಿತ್ತು. ಹೆಸರಿಲ್ಲದೆ, ವಿಳಾಸವಿಲ್ಲದೆ, ಒಂದೇ ಒಂದು ಪ್ರೋಗ್ರಾಮಿನ ಕೈಯಲ್ಲಿ. ದಿನಾ ಅವಳಿಂದ ನಂಬರು ಕರೆಸಿ ಫಕ್ಕೀರೇಶನಿಗೆ ಕೇಳಿಸಿತು, ನನಗೂ ಕೇಳಿಸಿತು. ಜಾಗ ಮರಳಿಲ್ಲ ನೋಡು ಎಂದು ನನಗೆ ಅಂದೇ ತೋರಿಸಿತ್ತು. ಬಿಡು ಎಂದು ನಾನೇ ಹೇಳಿದ ಮೇಲೆ ಬಿಟ್ಟಿತು.

ನಿಮ್ಮಲ್ಲಿ ಒಂದೇ ಕೋರಿಕೆ. ಈ ಪತ್ರ ಹೇಗಾದರೂ ನಿಮಗೆ ಮುಟ್ಟಿದರೆ, ಆ ಕೊನೆಯ ಪ್ಯಾರಾವನ್ನು ಮೇಲಕ್ಕೆ ತನ್ನಿ. ಇಷ್ಟವಾದದ್ದು, ಇಷ್ಟವಾಗದ್ದು, ಬೆಂಕಿಯ ತಮಾಷೆ, ಎಲ್ಲಕ್ಕಿಂತ ಮೊದಲು ಇಡಿ, ಚಹಾ ಬರುವುದಕ್ಕೆ ಮುಂಚೆ ಓದಿ ಮುಗಿಯುವ ಹಾಗೆ. ಸುಗಲಾ ಕೆಲಸಕ್ಕೆ ಸೇರಿದ ಮೊದಲ ಸೋಮವಾರ ನಾವು ಓದಿದ್ದು ನಿಮ್ಮದನ್ನೇ. ಅವಳು ನನ್ನ ಪಕ್ಕದಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ನಕ್ಕಿದ್ದಳು, ಮುಂದೆ ಓದಬೇ ಅವ್ವಾ ಎಂದಿದ್ದಳು. ಚಹಾ ಬಂತಲ್ಲ, ಸಾಕು ಎಂದು ನಾನು ಮುಚ್ಚಿದೆ.

ನಿಮ್ಮ ಪುಟದ ಬುಡದಲ್ಲಿ ‘ಇದು ನಿಮಗೆ ಉಪಯುಕ್ತವಾಯಿತೇ?’ ಎಂಬ ಗುಂಡಿ ಇನ್ನೂ ಇದೆ. ಅದರ ಹಿಂದಿದ್ದ ಯಂತ್ರ ಇಲ್ಲವಾಗಿ ಇನ್ನೂರು ವರ್ಷವಾಗಿರಬೇಕು. ಇವತ್ತು ಅದನ್ನು ಒತ್ತಿದೆ. ಹದಿನೇಳೇ ತೋರಿಸಿತು. ಇನ್ನೊಮ್ಮೆ ಒತ್ತಿದೆ.

ಇಂತಿ,
ಗಿರಿಜವ್ವ ಕಳಸಾಪುರ
ಎಚ್ಚರದವಳು, ತಂಪಾಸ್ಪತ್ರೆ
ಹಲಗೆಯ ಮೇಲೆ ಇಂದು: ಹದಿಮೂರು